ಮಂಗಳವಿಲ್ಲದ ಆಟ

ಬಡಗಿ ಎರ್ರೆಪ್ಪ ಕೆಲಸ ಬಿಡುವುದೆಂದು ಗಟ್ಟಿ ಮನಸ್ಸು ಮಾಡಿದ ವಾರದಲ್ಲೇ ಅವನಿಗೆ ಪ್ರಶಸ್ತಿ ಬಂತು. ಬೇರೆಯವರಾಗಿದ್ದರೆ ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದರು. ಎರ್ರೆಪ್ಪ ಮಾತ್ರ ಅವತ್ತಿನಿಂದ ಒಳಗೊಳಗೇ ಕೊರಗಲು ಶುರುಮಾಡಿದವನು ನಾಲ್ಕು ವರ್ಷ ಕೊರಗಿದ. ಯಾಕೆ ಕೊರಗುತ್ತಾನೆಂದು ಬಳ್ಳಾರಿಯಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಅವನೂ ಬಾಯಿಬಿಟ್ಟು ಹೇಳುವ ಪೈಕಿಯಲ್ಲ.

ಎಂಬತ್ನಾಲ್ಕನೇ ಇಸವಿಯ ಮಾತು. ಕಂಟೋನ್ಮೆಂಟಿನಲ್ಲಿ ಬಿಳಿಯರ ಕಾಲದ ಒಂದು ಹಳೇ ಬಂಗಲೆಯ ಮುಂದಿನ ಹಾಲಿನಲ್ಲಿ ಮರಿಬಸಪ್ಪ ಸಾವಕಾರರ ವಿಡಿಯೋ ಗೇಮ್ ಅಂಗಡಿ ಇತ್ತು. ಸಾವಕಾರರ ಮೂಲ ಕಸುಬು ಸತ್ಯನಾರಾಯಣಪೇಟೆಯ ಬಟ್ಟೆ ವ್ಯಾಪಾರ. ಜವಳಿ ತರಲು ಮದ್ರಾಸಿಗೆ ಹೋದಾಗ, ಅಲ್ಲಿ ಪಡ್ಡೆ ಹುಡುಗರು ಒಂದು ಪೆಟ್ಟಿಗೆಯ ಮುಂದೆ ಪಾಳಿ ಹಚ್ಚಿ ನಿಂತು, ರೂಪಾಯಿ ಹಾಕಿ ಹಾಕಿ ಸೋಲುವುದನ್ನು ನೋಡಿದರು. ಜನ ದುಡ್ಡು ಕೊಟ್ಟು ಸೋತು, ಮತ್ತೆ ದುಡ್ಡು ಕೊಡುವ ವ್ಯಾಪಾರ ಅವರ ಬಟ್ಟೆ ಅಂಗಡಿಯಲ್ಲಿ ಎಂದೂ ನಡೆದಿರಲಿಲ್ಲ. ಬರುವಾಗ ಆ ಪೆಟ್ಟಿಗೆಯ ಹೊಟ್ಟೆಯೊಳಗಿನ ಸಾಮಾನನ್ನು ಕಟ್ಟಿಸಿಕೊಂಡು ಬಂದರು. ತಂತಿ ಬೆಸೆದ ಹಸಿರು ಹಲಗೆ, ಒಂದು ಟಿ.ವಿ. ಗಾಜು, ಒತ್ತುವ ಗುಂಡಿಗಳು, ಅಷ್ಟೆ. ಪೆಟ್ಟಿಗೆಯನ್ನು ನಿಮ್ಮೂರಲ್ಲೇ ಮಾಡಿಸಿಕೊಳ್ಳಿ ಅಂದಿದ್ದರಂತೆ ಮಾರಿದವರು. ಸಾವಕಾರರು ತಮ್ಮ ಬಟ್ಟೆ ಅಂಗಡಿಗೆ ಕಪಾಟು ಮಾಡಿಕೊಟ್ಟಿದ್ದ ಎರ್ರೆಪ್ಪನನ್ನು ಕರೆಸಿದರು.

ಎರ್ರೆಪ್ಪ ಕುರುಗೋಡಿನ ಕಡೆಯವನು. ಅವನ ಅಪ್ಪ ಗಾದೆಪ್ಪ ಬಯಲಾಟದವರಿಗೆ ಕಟ್ಟಿಗೆಯ ಕಿರೀಟ, ಭುಜಕೀರ್ತಿ ಮಾಡಿಕೊಡುವುದರಲ್ಲಿ ಎತ್ತಿದ ಕೈ. ತಾನೂ ವೇಷ ಕಟ್ಟಿ ರಾಜನ ಪಾತ್ರ ಕುಣಿಯುತ್ತಿದ್ದ. ಮಗನಿಗೆ ಕುಣಿತ ಬರಲಿಲ್ಲ, ಕೈಕಸುಬು ಬಂತು. ಸಾವಕಾರರು ಕೇಳಿದ್ದು ಬರೀ ಒಂದು ಪೆಟ್ಟಿಗೆ. ಇವನು ಆ ಪೆಟ್ಟಿಗೆಯ ನೆತ್ತಿಯ ಮೇಲೆ ಬೇಗಡೆ ಕಾಗದ, ಕನ್ನಡಿ ಚೂರು ಅಂಟಿಸಿ ಥೇಟ್ ಬಯಲಾಟದ ರಾಜನ ಕಿರೀಟವನ್ನೇ ಕೂರಿಸಿದ. ಅಕ್ಕಪಕ್ಕ ಎರಡು ಭುಜಕೀರ್ತಿ. ನಡುವೆ ಗಾಜಿನಲ್ಲಿ ವಿಮಾನಗಳು ಉದುರುತ್ತಿದ್ದರೆ, ಮೇಲಿನ ಕನ್ನಡಿ ಚೂರುಗಳೆಲ್ಲ ಮಿಣಮಿಣ ಅನ್ನುತ್ತಿದ್ದವು. ಸಾವಕಾರರು ಮೊದಲು ಮುಖ ಕಿವುಚಿದರು. ಆಮೇಲೆ, ಆಡಲಿಕ್ಕೆ ಕಾಸಿಲ್ಲದವರೂ ಬಂದು ಬಾಗಿಲಲ್ಲಿ ನಿಂತು ಬಾಯಿ ತೆರೆದುಕೊಂಡು ನೋಡುವುದನ್ನು ಕಂಡು ಸುಮ್ಮನಾದರು. ವರ್ಷ ತುಂಬುವುದರೊಳಗೆ ಹಾಲಿನ ತುಂಬ ಕಿರೀಟದ ಪೆಟ್ಟಿಗೆಗಳಾದವು. ಎರ್ರೆಪ್ಪ ಅಲ್ಲೇ ಹಿಂದಿನ ಕುದುರೆ ಲಾಯದಲ್ಲಿ ಉಳಿ, ಗರಗಸ ಇಟ್ಟುಕೊಂಡು ಸಂಬಳದ ಆಳಾಗಿ ನಿಂತ.

ಇಷ್ಟೇ ಆಗಿದ್ದರೆ ಹೇಳುವುದಕ್ಕೇನಿತ್ತು? ಆದರೆ ಎರ್ರೆಪ್ಪನಿಗೆ ಒಬ್ಬ ಹೆಂಡತಿಯಿದ್ದಳು, ದುರುಗಮ್ಮ. ಆಕೆ ಇದ್ದದ್ದು ಬಳ್ಳಾರಿಯಲ್ಲಲ್ಲ, ಸಿರುಗುಪ್ಪದ ಆಚೆ ಹಚ್ಚೊಳ್ಳಿಯಲ್ಲಿ, ತನ್ನ ತವರುಮನೆಯಲ್ಲಿ. ಅವಳ ಅವ್ವ ಪಾರಮ್ಮನಿಗೆ ಒಂದು ಮಗ್ಗುಲು ಬಿದ್ದುಹೋಗಿತ್ತು. ಬೇರೆ ಮಕ್ಕಳಿಲ್ಲ. ಕಾಲುವೆ ನೀರಿನ ತುಂಡು ಗದ್ದೆ, ಒಂದು ಎಮ್ಮೆ, ಹಾಸಿಗೆ ಹಿಡಿದ ಅವ್ವ, ಇಷ್ಟನ್ನೂ ಬಿಟ್ಟು ಗಂಡನ ಹಿಂದೆ ಬರುವ ಹಾಗಿರಲಿಲ್ಲ. ಗಂಡ ಅಮಾವಾಸ್ಯೆಗೆ ಅಂಗಡಿಗೆ ರಜೆ ಸಿಕ್ಕಾಗ ಬಸ್ಸು ಹತ್ತಿ ಬಂದು, ಒಂದು ರಾತ್ರಿ ಇದ್ದು ಹೋಗುತ್ತಿದ್ದ. ಮದುವೆಯಾಗಿ ವರ್ಷಗಳು ಉರುಳಿದರೂ ಮಕ್ಕಳಾಗಿರಲಿಲ್ಲ. ದುರುಗಮ್ಮನಿಗೆ ಮೂವತ್ತು ದಾಟಿ ಮೂರ್ನಾಲ್ಕು ವರ್ಷ ಆಗಿತ್ತು.

"ತಿಂಗಳಿಗೊಂದಿನ ನೆಂಟರಂಗ ಬಂದು ಹೋಗೋ ಗಂಡನ್ನ ಕಟ್ಟಿಗೊಂಡು ನಾ ಯಾವಾಗ ತೊಟ್ಲ ತೂಗಬೇಕ್ರಿ?" ಅಂದಿದ್ದಳು ಆ ವರ್ಷದ ನಾಗರ ಅಮಾವಾಸ್ಯೆಗೆ. "ನಮ್ಮ ಚಿಗಪ್ಪನ ಮಗ ಎರ್ರಿಸ್ವಾಮಿ ಸಿರುಗುಪ್ಪದಾಗ ಬಸ್‌ಸ್ಟ್ಯಾಂಡ್ ಹತ್ರ ಶೆಡ್ಡು ಖಾಲಿ ಇಟ್ಟಾನ. ದೀಪಾವಳಿ ತನಕ ಯಾರಿಗೂ ಕೊಡಂಗಿಲ್ಲ ಅಂದಾನ. ಬಾಗಲಾ, ಕಿಟಕಿ, ಟ್ರ್ಯಾಕ್ಟರ್ ಹಲಗಿ, ಕೈತುಂಬ ಕೆಲಸ ಐತಿ ಅಲ್ಲಿ. ಮುಂಜಾನಿ ಹೋಗಿ ಸಂಜಿಗೆ ಮನಿಗೆ ಬರಬಹುದು. ಬಂದ್ಬಿಡ್ರಿ."

"ಬರ್ತೀನಿ," ಅಂದಿದ್ದ ಎರ್ರೆಪ್ಪ. ಬಾಯಿಮಾತಿಗೆ ಅಂದದ್ದಲ್ಲ. ಊರೂರ ಬಡಗಿಗಳು ತಮ್ಮ ಮಗುವಿಗೆ ತಾವೇ ತೊಟ್ಟಿಲು ಮಾಡಿದ್ದನ್ನು ನೋಡಿ ನೋಡಿ ತಾನೂ ಒಂದು ಮಾಡಬೇಕೆಂಬ ಆಸೆ ಅವನಿಗೂ ಇತ್ತು. ಕೈಯಲ್ಲಿದ್ದ ಪೆಟ್ಟಿಗೆ ಮುಗಿಸಿ, ಮುಂದಿನ ವಾರ ಸಾವಕಾರರಿಗೆ ಹೇಳಿ, ಹತಾರದ ಚೀಲ ಹೆಗಲಿಗೇರಿಸುವುದು ಅಂತ ಲೆಕ್ಕ ಹಾಕಿಕೊಂಡಿದ್ದ. ಹೇಳಬೇಕಾದ ಮಾತನ್ನು ಹಲಗೆ ನಯಮಾಡಲು ರಂಧಾ ಹೊಡೆಯುವಾಗೆಲ್ಲ ಒಳಗೇ ತಾಲೀಮು ಮಾಡುತ್ತಿದ್ದ.

ಅಷ್ಟರಲ್ಲಿ ಸಂಘದ ವಾರ್ಷಿಕೋತ್ಸವ ಬಂತು. ಮರಿಬಸಪ್ಪ ಸಾವಕಾರರನ್ನು ನೋಡಿ ಹೊಸಪೇಟೆ, ಗುಂತಕಲ್ಲು, ಆದೋನಿ, ರಾಯಚೂರಿನಲ್ಲೂ ಒಬ್ಬೊಬ್ಬರು ಇಂಥ ಅಂಗಡಿ ತೆರೆದಿದ್ದರು. ನಾಲ್ಕು ಜನ ಒಂದೇ ವ್ಯಾಪಾರ ಮಾಡಿದರೆ ನಮ್ಮಲ್ಲಿ ಸಂಘವಾಗಲೇಬೇಕು. ಸಂಘವಾದರೆ ವಾರ್ಷಿಕೋತ್ಸವ, ವಾರ್ಷಿಕೋತ್ಸವವಾದರೆ ಪ್ರಶಸ್ತಿ. ಪ್ರಶಸ್ತಿ ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಕಮಿಟಿಯಲ್ಲಿ ಇದ್ದವರು ಪ್ರಶಸ್ತಿ ತೆಗೆದುಕೊಳ್ಳುವವರೇ. ಅತ್ಯುತ್ತಮ ಅಂಗಡಿ ಅಧ್ಯಕ್ಷರದು, ಅತ್ಯುತ್ತಮ ಬೆಳಕಿನ ವ್ಯವಸ್ಥೆ ಕಾರ್ಯದರ್ಶಿಯದು, ಅತ್ಯುತ್ತಮ ಶಿಸ್ತು ಖಜಾಂಚಿಯ ಅಳಿಯನದು. ಆ ಅಳಿಯನ ಅಂಗಡಿಯಲ್ಲಿ ಹಿಂದಿನ ವಾರವಷ್ಟೇ ಹುಡುಗರು ಹೊಡೆದಾಡಿ ಗಾಜು ಒಡೆದಿದ್ದರು. ಹೊರಗಿನವರು ಇದನ್ನು ನೋಡಿದರೆ ನಗುತ್ತಿದ್ದರು. ಒಳಗಿನವರು ಮಾತ್ರ ತಾವು ತಮಗೇ ಹಾಕಿಕೊಂಡ ಹಾರದ ಭಾರಕ್ಕೆ ನಿಜವಾಗಿಯೂ ಕತ್ತು ಬಗ್ಗಿಸಿ ನಿಲ್ಲುತ್ತಿದ್ದರು.

ಸತ್ಯನಾರಾಯಣಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ ಭಾನುವಾರ ಮುಂಜಾನೆ ಸಮಾರಂಭ. ಮುಖ್ಯ ಅತಿಥಿಗಳು ಸಿನಿಮಾ ಥೇಟರೊಂದರ ಮಾಲೀಕರು, ವಯಸ್ಸಾದ ದೊಡ್ಡ ಮನುಷ್ಯರು. ಎರ್ರೆಪ್ಪನನ್ನು ಕರೆಸಿದ್ದು ವೇದಿಕೆಯ ಮೇಜಿನ ಕಾಲು ಅಲ್ಲಾಡುತ್ತದೆ ಅಂತ. ಅವನು ಮೇಜಿನ ಕೆಳಗೆ ಮೊಳಕಾಲೂರಿ ಬೆಣೆ ಬಡಿಯುತ್ತಿದ್ದಾಗ ಅವನ ತಲೆಯ ಮೇಲೆ ಒಂದೊಂದೇ ಪ್ರಶಸ್ತಿ ಹಂಚಿಕೆಯಾಗುತ್ತಿತ್ತು. ಬಿಳಿ ಬಟ್ಟೆ ನೆಲದವರೆಗೆ ಇಳಿಬಿಟ್ಟಿದ್ದರಿಂದ ಅವನಿಗೆ ಕಾಣುತ್ತಿದ್ದದ್ದು ಬರೀ ಜನರ ಕಾಲು. ಚಪ್ಪಾಳೆ ಕೇಳುತ್ತಿತ್ತು.

ಕೊನೆಯದು 'ಅತ್ಯುತ್ತಮ ಆಟ'. ಕಿರೀಟದ ಪೆಟ್ಟಿಗೆಯ ವಿಮಾನದಾಟಕ್ಕೇ ಅದು ಎಂದು ಕಮಿಟಿ ಮೊದಲೇ ತೀರ್ಮಾನಿಸಿತ್ತು, ಮರಿಬಸಪ್ಪನವರೇ ಕಮಿಟಿಯ ಅಧ್ಯಕ್ಷರಲ್ಲವೇ! ಥೇಟರ್ ಮಾಲೀಕರು ಶೀಲ್ಡನ್ನು ಕೈಗೆತ್ತಿಕೊಂಡವರು, ಅಲ್ಲಿಯವರೆಗೆ ಯಾರಿಗೂ ಹೊಳೆಯದ ಒಂದು ಮಾತು ಕೇಳಿಬಿಟ್ಟರು.

"ಈ ಆಟ ಕಟ್ಟಿದವರು ಯಾರ್ರಿ? ಅವರನ್ನ ಕರೀರಿ. ಅವರ ಕೈಗೆ ಕೊಡೋದು ಧರ್ಮ."

ಆ ಆಟ ಯಾರು ಕಟ್ಟಿದ್ದೋ ದೇವರಿಗೇ ಗೊತ್ತು. ಅದರಿಂದಲೇ ಹೊಟ್ಟೆ ಹೊರೆಯುವವರ ಪೈಕಿ ಒಬ್ಬನಿಗೂ ಅದು ಹುಟ್ಟಿದ ಊರು ತಿಳಿಯದು, ಹುಟ್ಟಿಸಿದವನ ಹೆಸರಂತೂ ದೂರ. ಆದೋನಿಯ ಮೆಂಬರು "ಜಪಾನ್ ವಾಡು ಎವಡೋ ಚೇಶಾಡಂಟ" ಎಂದು ತೆಲುಗಿನಲ್ಲಿ ಗೊಣಗಿದ, ಯಾರೋ ಜಪಾನಿನವನು ಮಾಡಿದ್ದಂತೆ ಅಂತ. ಜಪಾನಿನವನನ್ನು ಭಾನುವಾರ ಮುಂಜಾನೆ ಸತ್ಯನಾರಾಯಣಪೇಟೆಗೆ ಎಲ್ಲಿಂದ ತರುವುದು? ಮರಿಬಸಪ್ಪನವರು ಅತ್ತಿತ್ತ ನೋಡಿದರು. ಆಗ ಅವರ ಕಣ್ಣಿಗೆ ಮೇಜಿನ ಬಟ್ಟೆಯ ಕೆಳಗಿಂದ ಹಿಮ್ಮುಖವಾಗಿ ಹೊರಬರುತ್ತಿದ್ದ ಎರ್ರೆಪ್ಪ ಬಿದ್ದ.

"ಇಲ್ಲೇ ಅದಾನ್ರಿ ಆಟ ಕಟ್ಟಿದವ!" ಅಂದರು ಮೈಕಿನಲ್ಲಿ. "ಬಾರಲೇ ಎರ್ರೆಪ್ಪ, ಮುಂದ ಬಾ!"

ಎರ್ರೆಪ್ಪ ಸುತ್ತಿಗೆ ಹಿಡಿದುಕೊಂಡೇ ಮುಂದೆ ಬಂದ. ಯಾರೋ ಸುತ್ತಿಗೆ ಕಸಿದುಕೊಂಡರು. ಹೆಗಲ ಮೇಲೆ ಶಾಲು ಬಿತ್ತು. ಕೈಗೆ ಒಂದು ತಟ್ಟೆ ಬಂತು, ತಟ್ಟೆಯಲ್ಲಿ ಶೀಲ್ಡು, ತೆಂಗಿನಕಾಯಿ, ಅದರ ಪಕ್ಕದಲ್ಲಿ ಐದು ವೀಳ್ಯದೆಲೆ, ಎಲೆಯ ಮೇಲೆ ಅಡಿಕೆ. ಸಾವಕಾರರು ಉಮೇದಿನಲ್ಲಿದ್ದರು. ತುಂಬಿದ ಸಭೆಯ ಎದುರು ಕೈ ಮೇಲೆತ್ತಿ, "ಈ ಆಟ ಇರೋ ತನಕ ಎರ್ರೆಪ್ಪ ನಮ್ಮವನು!" ಎಂದು ಸಾರಿಬಿಟ್ಟರು. ಎರ್ರೆಪ್ಪ ಎಲೆಗಳನ್ನು ನೋಡಿದ. ಅದೇನೆಂದು ಅವನಿಗೆ ಹೊಳೆಯಿತು. ಆದರೆ ಅಷ್ಟರಲ್ಲಿ ಎರಡೂ ಕೈ ಚಾಚಿ ತಟ್ಟೆಯನ್ನು ಹಿಡಿದಾಗಿತ್ತು.

ಪೇಟೆಯವರಿಗೆ ವೀಳ್ಯದೆಲೆ ಅಂದರೆ ಊಟವಾದ ಮೇಲೆ ಅಗಿಯುವ ಎಲೆ. ಎರ್ರೆಪ್ಪ ಬೆಳೆದ ಬಯಲಾಟದ ಮನೆಯಲ್ಲಿ ಅದು ಬೇರೆ. ಒಂದು ಊರಿನವರು ಬಂದು ಆಟಕ್ಕೆ ವೀಳ್ಯ ಕೊಟ್ಟು, ಅದನ್ನು ನಾಲ್ಕು ಜನರೆದುರು ಕೈಯಲ್ಲಿ ಹಿಡಿದರೆ ಮುಗಿಯಿತು. ಆ ಆಟ ಆಡಿ, ಬೆಳಗಿನ ಜಾವ ಮಂಗಳ ಹಾಡುವವರೆಗೆ ನೀನು ಅವರವನು. ಮನೆಯಲ್ಲಿ ಸಾವಾಗಲಿ, ಮದುವೆಯಾಗಲಿ, ಅತ್ತಿತ್ತ ಅಲುಗಾಡುವಂತಿಲ್ಲ. ಗಾದೆಪ್ಪ ಒಂದು ಸಲ ಮೈ ಕಾದ ಹಂಚಾಗಿದ್ದರೂ ಇಬ್ಬರ ಹೆಗಲ ಮೇಲೆ ಕೈಯಿಟ್ಟು ಹೋಗಿ ಕಿರೀಟ ಕಟ್ಟಿಕೊಂಡಿದ್ದ. ಯಾಕೆಂದರೆ ವೀಳ್ಯ ಹಿಡಿದಿದ್ದ. ಅದೇ ಸೀಮೆಯಲ್ಲಿ ಇನ್ನೊಬ್ಬ, ವೀಳ್ಯ ಹಿಡಿದೂ ಆಟಕ್ಕೆ ಹೋಗದೆ ಹೊಲದಲ್ಲಿ ಅಡಗಿ ಕೂತಿದ್ದನಂತೆ. ಅವನ ಮೊಮ್ಮಕ್ಕಳನ್ನೂ ಜನ 'ವೀಳ್ಯ ನುಂಗಿದವರ ಮನೆಯವರು' ಎಂದೇ ಕರೆಯುತ್ತಿದ್ದರು. ಆ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರು.

ಈಗ ನೋಡಿ, ಸಾವಕಾರರು ಅಂದದ್ದೂ ಆಟ. ಕೊಟ್ಟದ್ದೂ ವೀಳ್ಯ. ಎದುರಿಗೆ ಸಭೆ. ಎರ್ರೆಪ್ಪನ ಕಿವಿಗೆ ಆ ಮಾತು ಬೇರೆ ಯಾವ ರೀತಿಯಲ್ಲೂ ಕೇಳುವುದು ಸಾಧ್ಯವಿರಲಿಲ್ಲ. ನಾನು ಕೆಲಸ ಬಿಡುತ್ತೇನೆಂದು ಇವರಿಗೆ ಹೇಗೋ ಸುಳಿವು ಸಿಕ್ಕಿದೆ, ಅದಕ್ಕೇ ಸಭೆಯಲ್ಲಿ ವೀಳ್ಯ ಹಿಡಿಸಿ ಕಟ್ಟಿಹಾಕಿದರು ಅಂದುಕೊಂಡ. ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ಸಾವಕಾರರ ಬಗ್ಗೆ ಒಂಥರಾ ಗೌರವವೂ ಬಂತು. ಇವರಿಗೂ ರೀತಿ ರಿವಾಜು ಗೊತ್ತಿದೆಯಲ್ಲ, ನನ್ನನ್ನು ಕಲಾವಿದನ ಮಗ ಅಂತ ತಿಳಿದು ವೀಳ್ಯ ಕೊಟ್ಟರಲ್ಲ ಅನ್ನಿಸಿತು. ಮಂಟಪ ಬಿಡುವ ಮುಂಚೆ ಅವನು ಆ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದ, ಬಾಯಿಗೆ ಹಾಕಿಕೊಳ್ಳಲಿಲ್ಲ.

ಮುಂದಿನ ಅಮಾವಾಸ್ಯೆಗೆ ಹಚ್ಚೊಳ್ಳಿಗೆ ಹೋದಾಗ ದುರುಗಮ್ಮ ಬಾಗಿಲಲ್ಲೇ ಕೇಳಿದಳು.

"ಹೇಳಿ ಬಂದ್ರೇನು?"

"ಇಲ್ಲ."

"ಯಾಕ?"

"ವೀಳ್ಯ ಹಿಡಿದೀನಿ," ಅಂದ ಎರ್ರೆಪ್ಪ. ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದ. ದುರುಗಮ್ಮ ಎಮ್ಮೆಗೆ ಹುಲ್ಲು ಹಾಕುತ್ತಿದ್ದವಳು ಹಾಗೇ ನಿಂತಳು. ಅವಳ ಮುಖ ನೋಡಲು ಎರ್ರೆಪ್ಪನಿಗೆ ಧೈರ್ಯ ಸಾಲಲಿಲ್ಲ.

"ನಮ್ಮ ಲಗ್ನದಾಗೂ ವೀಳ್ಯ ಹಿಡಿದಿದ್ರಿ," ಅಂದಳು ಕಡೆಗೆ. "ನನ್ನದು ಮೊದಲಿಂದು."

ಎರ್ರೆಪ್ಪ ಅವಳ ಕೈಯಲ್ಲಿದ್ದ ಹುಲ್ಲನ್ನು ತೆಗೆದುಕೊಂಡು ಎಮ್ಮೆಯ ಮುಂದೆ ಹಾಕಿದ. ಮುಂಜಾನೆ ಬಸ್ಸಿಗೆ ಹೊರಟಾಗ ಬುತ್ತಿ ಕೈಗಿಟ್ಟು, ಸೆರಗಿನಿಂದ ಮೂಗು ಒರೆಸಿಕೊಂಡು, "ಹಿಡಿದದ್ದು ಹಿಡಿದಾಯ್ತು. ಈಗ ಬಿಟ್ಟು ಬಂದ್ರ ನಾಳೆ ನನ್ನ ಹೊಟ್ಟಿಲೆ ಹುಟ್ಟಿದ ಕೂಸಿಗೂ ವೀಳ್ಯ ನುಂಗಿದವರ ಮನಿ ಅಂತಾರ. ಅದು ಬ್ಯಾಡ. ಆಟ ಮುಗಿಸಿಕೊಂಡ ಬರ್ರಿ," ಅಂದಳು. ಅಷ್ಟು ಹೇಳಿ ಒಳಗೆ ಹೋದಳು.

ಆಟ ಮುಗಿಸಿಕೊಂಡು ಬರಬೇಕು. ಬಯಲಾಟವಾದರೆ ಬೆಳಗಾಗುವುದರೊಳಗೆ ಮಂಗಳ. ಈ ಆಟಕ್ಕೆ ಮಂಗಳವೆಲ್ಲಿ? ಎರ್ರೆಪ್ಪ ಹಾಲಿನ ಮೂಲೆಯಲ್ಲಿ ನಿಂತು ಎಷ್ಟೋ ಸಲ ನೋಡಿದ. ವಿಮಾನಗಳು ಉದುರುತ್ತವೆ, ಹುಡುಗ ಗುಂಡಿ ಒತ್ತುತ್ತಾನೆ, ಸಾಯುತ್ತಾನೆ, ಗಾಜಿನ ಮೇಲೆ ಏನೋ ಇಂಗ್ಲಿಷಿನಲ್ಲಿ ಬರುತ್ತದೆ, ಇನ್ನೊಂದು ರೂಪಾಯಿ ಬೀಳುತ್ತದೆ, ಮತ್ತೆ ಮೊದಲಿಂದ. ಒಂದು ದಿನ ಚೆನ್ನಾಗಿ ಆಡುವ ಒಬ್ಬ ಕಾಲೇಜು ಹುಡುಗನನ್ನು ತಡೆದು, "ಇದನ್ನ ಪೂರ್ತಿ ಗೆದ್ರ ಕಡೀಕ ಏನ್ ಬರ್ತದಪ್ಪಾ?" ಎಂದು ಕೇಳಿದ. ಹುಡುಗ ನಕ್ಕುಬಿಟ್ಟ. "ಕಡೀಕ ಅಂಬೋದ ಇಲ್ಲ ಇದಕ್ಕ. ಎಷ್ಟು ಹೊಡದ್ರೂ ಬರ್ತಾವ. ನೀವ ಮಾಡಿದ ಆಟ, ನಿಮಗ ಗೊತ್ತಿಲ್ಲೇನು?" ಅಂದ.

ಊರಿನವರೆಲ್ಲ ಹಾಗೇ ಅಂದುಕೊಂಡಿದ್ದರು. ಸಾವಕಾರರು ಶೀಲ್ಡು ಹಿಡಿದ ಎರ್ರೆಪ್ಪನ ಫೋಟೋವನ್ನು ದೊಡ್ಡದು ಮಾಡಿಸಿ ಅಂಗಡಿಯ ಬಾಗಿಲಿಗೆ ಹಾಕಿಸಿದ್ದರು, ಕೆಳಗೆ 'ಪ್ರಶಸ್ತಿ ವಿಜೇತ ಆಟ' ಎಂದು ಬರೆಸಿ. ಚಹಾದಂಗಡಿಗೆ ಹೋದರೆ "ಆಟದ ಎರ್ರೆಪ್ಪ ಬಂದ" ಅನ್ನುತ್ತಿದ್ದರು. ತಾನು ಮಾಡಿದ್ದು ಬರೀ ಪೆಟ್ಟಿಗೆ, ಆಟ ಯಾರೋ ಪುಣ್ಯಾತ್ಮನದು ಎಂದು ಎರ್ರೆಪ್ಪ ಮೊದಮೊದಲು ಹೇಳುತ್ತಿದ್ದ. ಕೇಳಿದವರು ಇದು ದೊಡ್ಡವರ ವಿನಯ ಅಂತ ಇನ್ನಷ್ಟು ಹೊಗಳುತ್ತಿದ್ದರು. ಆಮೇಲೆ ಅವನು ಹೇಳುವುದನ್ನು ಬಿಟ್ಟ.

ಎರಡನೇ ವರ್ಷದ ವಾರ್ಷಿಕೋತ್ಸವ ಇನ್ನೂ ಸೊಗಸು. ಸಾವಕಾರರು ಕರೆದು, "ಹಳೇ ಪೆಟ್ಟಿಗಿಗೆ ಹಸಿರು ಬಣ್ಣ ಹಚ್ಚು, ಕಿರೀಟ ತೆಗೆದು ನವಿಲ ಮಾಡು," ಅಂದರು. ಒಳಗಿನ ಹಸಿರು ಹಲಗೆ ಅದೇ, ವಿಮಾನಗಳೂ ಅವೇ. ಸಂಘ ಅದಕ್ಕೆ 'ಅತ್ಯುತ್ತಮ ಹೊಸ ಆಟ' ಎಂದು ಪ್ರಶಸ್ತಿ ಕೊಟ್ಟಿತು. ಆದೋನಿಯವರೂ ರಾಯಚೂರಿನವರೂ ಹೋದವರೇ ತಮ್ಮ ಪೆಟ್ಟಿಗೆಗಳ ಮೇಲೆ ನವಿಲು ಕೂರಿಸಿಕೊಂಡರು. ಮೂರನೇ ವರ್ಷ ನವಿಲಿನ ಬದಲು ಸಿಂಹ. ಈ ಧಂದೆಯಲ್ಲಿ ಹೊಸದು ಅಂದರೆ ಬಣ್ಣ ಅಂತ ಎರ್ರೆಪ್ಪನಿಗೆ ತಿಳಿದುಹೋಯಿತು. ಆ ಎರಡು ಸಲವೂ ವೇದಿಕೆ ಹತ್ತಿದ್ದು ಸಾವಕಾರರೇ. ಇವನಿಗೆ ಅದರಿಂದ ಬೇಜಾರೇನೂ ಆಗಲಿಲ್ಲ. ಮತ್ತೊಂದು ವೀಳ್ಯ ಹಿಡಿಯುವುದು ತಪ್ಪಿತಲ್ಲ ಎಂದು ಹಿಂದಿನ ಸಾಲಿನಲ್ಲಿ ನಿಟ್ಟುಸಿರು ಬಿಟ್ಟ.

ಅಷ್ಟರಲ್ಲಿ ಹಚ್ಚೊಳ್ಳಿಯಲ್ಲಿ ಬದುಕು ನಿಂತಿರಲಿಲ್ಲ. ದೀಪಾವಳಿ ಕಾದು, ಯುಗಾದಿ ಕಾದು, ಎರ್ರಿಸ್ವಾಮಿ ತನ್ನ ಶೆಡ್ಡನ್ನು ಸೈಕಲ್ ರಿಪೇರಿಯವನಿಗೆ ಕೊಟ್ಟ. ಅವನನ್ನು ಬಯ್ಯುವಂತಿಲ್ಲ, ಹೇಳಿದ್ದಕ್ಕಿಂತ ಹೆಚ್ಚೇ ಕಾದಿದ್ದ. ದುರುಗಮ್ಮ ಒಬ್ಬಳೇ ಗದ್ದೆಗೆ ನೀರು ಕಟ್ಟಿದಳು, ಒಬ್ಬಳೇ ಅವ್ವನ ಮಗ್ಗುಲು ಬದಲಿಸಿದಳು. ಮೂರನೇ ವರ್ಷದ ಬೇಸಿಗೆಯಲ್ಲಿ ಪಾರಮ್ಮ ತೀರಿಕೊಂಡಳು. ಸುದ್ದಿ ಮುಟ್ಟಿ ಎರ್ರೆಪ್ಪ ಬಸ್ಸು ಹಿಡಿದು ಬರುವುದರೊಳಗೆ ಮಣ್ಣಾಗಿತ್ತು. ಬಂಧು ಬಳಗದವರು ಅವನ ಮುಖಕ್ಕೇ ಅಂದರು, ಇದೆಂಥ ಗಂಡಸು, ಹೆಂಡತಿಯನ್ನು ಹೀಗೆ ಬಿಟ್ಟು ಬಳ್ಳಾರಿಯಲ್ಲಿ ಹುಡುಗರ ಆಟ ನೋಡಿಕೊಂಡು ಕೂತಿದ್ದಾನೆ ಅಂತ. ಆಗ ಮೂಲೆಯಲ್ಲಿ ಅತ್ತು ಅತ್ತು ಸುಸ್ತಾಗಿ ಕೂತಿದ್ದ ದುರುಗಮ್ಮ ಎದ್ದು ನಿಂತಳು.

"ನನ್ನ ಗಂಡಗ ಯಾರೂ ಒಂದು ಮಾತ ಅನಬ್ಯಾಡ್ರಿ," ಅಂದಳು. "ಅವ್ರು ದೊಡ್ಡವರ ಕಡೆಯಿಂದ ವೀಳ್ಯ ಹಿಡಿದಾರ. ಅದನ್ನ ಬಿಟ್ಟು ಬರಂಗಿಲ್ಲ. ನಿಮ್ಮಾಗ ಯಾರು ಅದೀರಿ ಹಂಗ ಮಾತಿಗೆ ನಿಲ್ಲೋರು?"

ಎರ್ರೆಪ್ಪನಿಗೆ ನೆಲ ಬಾಯ್ಬಿಟ್ಟರೆ ಸಾಕಾಗಿತ್ತು. ಆಕೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ತನ್ನ ಬಗ್ಗೆ ಹೆಮ್ಮೆಪಡುವುದನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಸಾವಕಾರರ ಕಾಲಿಗೆ ಬಿದ್ದಾದರೂ ವೀಳ್ಯ ಹಿಂದಿರುಗಿಸಬೇಕು ಅಂತ ಬಸ್ಸಿನಲ್ಲಿ ಯೋಚಿಸಿದ. ಬಳ್ಳಾರಿ ಗುಡ್ಡ ಕಾಣುತ್ತಲೂ ಅಪ್ಪನ ನೆನಪಾಗಿ ಧೈರ್ಯ ಉಡುಗಿತು. ಹಿಡಿದವನೇ ವೀಳ್ಯ ವಾಪಸು ಕೊಡುವಂತಿಲ್ಲ, ಕೊಟ್ಟವರು ಕೇಳಬೇಕು. ಅವನಿಗೆ ಗೊತ್ತಿದ್ದ ರಿವಾಜು ಅದು. ಅವ್ವ ಹೋದರೂ ಗದ್ದೆ, ಎಮ್ಮೆ ಬಿಟ್ಟು ದುರುಗಮ್ಮ ಬಳ್ಳಾರಿಗೆ ಬರುವಂತಿರಲಿಲ್ಲ. ಹೀಗೆ ಮತ್ತೊಂದು ವರ್ಷ ಕಳೆಯಿತು.

ಎಂಬತ್ತೆಂಟರ ಹೊತ್ತಿಗೆ ಅಂಗಡಿಯ ಹಾಲು ಭಣಗುಟ್ಟತೊಡಗಿತು. ಮನೆಮನೆಗೆ ಟಿ.ವಿ. ಬಂದಿತ್ತು, ಬಾಡಿಗೆಗೆ ಸಿನಿಮಾ ಕ್ಯಾಸೆಟ್ಟು ಸಿಗುತ್ತಿತ್ತು. ಹುಡುಗರಿಗೆ ಅವೇ ವಿಮಾನ ನೋಡಿ ನೋಡಿ ಸಾಕಾಗಿತ್ತು, ನವಿಲಿಗೂ ಸಿಂಹಕ್ಕೂ ಯಾರೂ ಬಗ್ಗಲಿಲ್ಲ. ಸಂಘದ ವಾರ್ಷಿಕೋತ್ಸವ ಆ ವರ್ಷ ನಡೆಯಲೇ ಇಲ್ಲ. ಅಧ್ಯಕ್ಷರೂ ಕಾರ್ಯದರ್ಶಿಯೂ ಒಬ್ಬರಿಗೊಬ್ಬರು ಹಳೇ ಪೆಟ್ಟಿಗೆ ಮಾರಲು ನೋಡುತ್ತಿದ್ದರು. ಒಂದು ಬೆಳಿಗ್ಗೆ ಮರಿಬಸಪ್ಪನವರು ಹಾಲಿಗೆ ಬಂದು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು.

"ಎರ್ರೆಪ್ಪ, ಅಳತಿ ತಗೋ. ಈ ಗ್ವಾಡಿ ತುಂಬ ಕ್ಯಾಸೆಟ್ ಇಡಾಕ ಕಪಾಟ ಆಗಬೇಕು."

"ಮತ್ತ ಆಟ, ಸಾವ್ಕಾರ್ರೆ?"

"ಎಲ್ಲಿ ಆಟಲೇ! ಮುಗೀತು ಅದು. ಪೆಟ್ಟಿಗಿ ಎಲ್ಲ ಗುಜರಿಗೆ ಹಾಕ್ತೀನಿ."

ಮುಗೀತು ಎಂದು ಕೊಟ್ಟವರ ಬಾಯಿಂದಲೇ ಬಂದಿದೆ. ಇದೇ ಮಂಗಳ, ಇನ್ನೇನು ಬೇಕು! ಎರ್ರೆಪ್ಪ ಹೆಗಲ ಮೇಲಿನ ಟವೆಲು ತೆಗೆದು ಸೊಂಟಕ್ಕೆ ಕಟ್ಟಿಕೊಂಡು, ಕೈಮುಗಿದು ನಿಂತ.

"ಹಂಗಾದ್ರ ನನ್ನ ವೀಳ್ಯ ವಾಪಸ್ ತಗೊಳ್ರಿ ಸಾವ್ಕಾರ್ರೆ. ನನ್ನ ಬಿಟ್ಟುಕೊಡ್ರಿ. ಊರಿಗೆ ಹೋಗ್ತೀನಿ."

"ಯಾವ ವೀಳ್ಯನೋ?" ಅಂದರು ಸಾವಕಾರರು.

ಎರ್ರೆಪ್ಪ ನೆನಪು ಮಾಡಿಕೊಟ್ಟ. ಕಲ್ಯಾಣ ಮಂಟಪ, ಥೇಟರ್ ಮಾಲೀಕರು, ತಟ್ಟೆ, ಐದು ಎಲೆ, ಆಟ ಇರುವ ತನಕ ಎರ್ರೆಪ್ಪ ನಮ್ಮವನು ಎಂದ ಮಾತು. ಅದಕ್ಕೆ ತಾನು ಇಲ್ಲಿಯವರೆಗೆ ನಿಂತದ್ದು. ಸಾವಕಾರರು ಕೇಳುತ್ತ ಕೇಳುತ್ತ ಹುಬ್ಬು ಗಂಟಿಕ್ಕಿದರು. ಅವರು ಕೆಟ್ಟವರಲ್ಲ. ನೆನಪಿಗೆ ತಂದುಕೊಳ್ಳಲು ನಿಜವಾಗಿಯೂ ಒದ್ದಾಡುತ್ತಿದ್ದರು.

"ಅಯ್ಯೋ, ಅದಾ? ತಟ್ಟಿ ಬೋಳಬೋಳ ಕಾಣ್ತೈತಿ ಅಂತ ನಮ್ಮನಿಯಾಕಿ ಎಲಿ ಇಟ್ಟಿದ್ಲಪಾ. ನಿನ್ನೊಬ್ಬಗ ಅಲ್ಲ, ಅವತ್ತು ಎಲ್ಲಾರಿಗೂ ಅದ ತಟ್ಟಿ. ಗುಂತಕಲ್ಲಿನವರಿಗೂ ಎಲಿ, ರಾಯಚೂರಿನವರಿಗೂ ಎಲಿ. ಮೈಕ್ ಸಿಕ್ರ ನಾ ಏನೇನೋ ಮಾತಾಡ್ತೀನಿ, ನಿನಗ ಗೊತ್ತಿಲ್ಲೇನು?" ಎಂದು ನಕ್ಕರು. ಆಮೇಲೆ ಏನೋ ಹೊಳೆದು ನಗು ನಿಲ್ಲಿಸಿದರು. "ಆ ವರ್ಷ ನೀನು ಸಿರುಗುಪ್ಪಕ್ಕ ಹೋಗಾಂವ ಅಂತ ಯಾರೋ ಅಂದಿದ್ರು. ಪಾಪ ಹೆಂಡತಿ ಅಲ್ಲಿ ಅದಾಳ, ಹೋಗ್ಲಿ ಅಂತ ಆದೋನಿಯಿಂದ ಒಬ್ಬ ಬಡಗೀನ ಬರಾಕ ಹೇಳಿಟ್ಟಿದ್ದೆ. ನೀನ ಹೋಗ್ಲಿಲ್ಲ. ನಾ ಅವಗ ಬ್ಯಾಡ ಅಂತ ಹೇಳಿ ಕಳಿಸಿದೆ."

ಅವತ್ತು ಮೇಜಿನ ಕೆಳಗೆ ಕೂತಿದ್ದ ಎರ್ರೆಪ್ಪನಿಗೆ ಉಳಿದವರ ತಟ್ಟೆ ಕಂಡಿರಲಿಲ್ಲ. ಸಾವಕಾರರ ಮೇಲೆ ಸಿಟ್ಟು ಮಾಡಿಕೊಳ್ಳಲು ಒಂದು ಎಳೆಯಾದರೂ ಸಿಕ್ಕೀತೇ ಎಂದು ಒಳಗೇ ತಡಕಾಡಿದ, ಸಿಗಲಿಲ್ಲ. ತನ್ನನ್ನು ಯಾರೂ ಕಟ್ಟಿರಲಿಲ್ಲ. ಬಾಗಿಲು ಹಾರುಹೊಡೆದು ತೆರೆದಿತ್ತು, ತಾನೇ ಒಳಗೆ ಕೈಕಟ್ಟಿ ಕೂತಿದ್ದ. ಅಪ್ಪನ ಮೇಲೆ ಅವನಿಗೆ ಜನ್ಮದಲ್ಲಿ ಮೊದಲ ಸಲ ಸಿಟ್ಟು ಬಂತು. ಕಪಾಟಿನ ಅಳತೆ ತೆಗೆದುಕೊಟ್ಟು, ಬೇರೆಯವರಿಂದ ಮಾಡಿಸಿಕೊಳ್ಳಿ ಅಂದ. ಸಾವಕಾರರು ಕಪಾಟಿನ ಮಾತು ಬಿಟ್ಟು, ಬೆನ್ನು ತಟ್ಟಿ ಕಳಿಸಿದರು.

ಹಚ್ಚೊಳ್ಳಿ ಬಸ್ಸಿನಲ್ಲಿ ಕೂತು ಕಾಲುವೆಯ ದಂಡೆಗುಂಟ ಬರುವಾಗ ಅವನು ಒಂದು ತೀರ್ಮಾನಕ್ಕೆ ಬಂದಿದ್ದ. ಇದ್ದದ್ದನ್ನು ಇದ್ದ ಹಾಗೆ ದುರುಗಮ್ಮನಿಗೆ ಹೇಳಿಬಿಡುವುದು. ಬಯ್ಯಲಿ, ಅಳಲಿ, ಮುಖ ತಿರುಗಿಸಲಿ, ಹೇಳಿದರೆ ಎದೆಯಾದರೂ ಹಗುರವಾಗುತ್ತದೆ.

ದುರುಗಮ್ಮ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ಅಮಾವಾಸ್ಯೆಯಲ್ಲದ ದಿನ, ಹತಾರದ ಚೀಲದ ಸಮೇತ ಬಂದ ಗಂಡನನ್ನು ಕಂಡು ಆಕೆಗೆ ಕೇಳದೆಯೇ ಅರ್ಥವಾಯಿತು. ಕೈ ಝಾಡಿಸಿ ಎದ್ದಳು. ಕಿವಿಯ ಹತ್ತಿರ ಕೂದಲು ನರೆತದ್ದನ್ನು ಎರ್ರೆಪ್ಪ ಹಗಲ ಬೆಳಕಿನಲ್ಲಿ ಅಂದೇ ನೋಡಿದ್ದು. ತಿಂಗಳಿಗೊಂದು ಸಲ ಕತ್ತಲಾಗುವ ಹೊತ್ತಿಗೆ ಬಂದು ನಸುಕಿನಲ್ಲಿ ಹೋಗುವವನಿಗೆ ಅದು ಹೇಗೆ ಕಂಡೀತು?

"ಆಟ ಮುಗೀತೇನ್ರಿ?"

"ಮುಗೀತು."

"ಸಾವ್ಕಾರ್ರು ಬಿಟ್ಟುಕೊಟ್ರಾ? ವೀಳ್ಯದ ಮಾತು ಏನಂದ್ರು?"

ಎರ್ರೆಪ್ಪ ಬಾಯಿ ತೆರೆದ. ದುರುಗಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಅವ್ವ ಸತ್ತ ದಿನ ಬಂಧುಗಳೆದುರು ಎದ್ದು ನಿಂತಾಗ ಇದ್ದದ್ದೂ ಇದೇ ಮುಖ. ಹಾದುಹೋದ ವರ್ಷಗಳಿಗೆ, ಹುಟ್ಟದೇ ಹೋದ ಕೂಸಿಗೆ, ಗಂಡನಿಲ್ಲದೆ ಮಣ್ಣು ಮಾಡಿದ ಅವ್ವನಿಗೆ ಆಕೆಯ ಹತ್ತಿರ ಇದ್ದದ್ದು ಆ ಒಂದೇ ಸಮಾಧಾನ. ಆ ವೀಳ್ಯ ತಟ್ಟೆ ಬೋಳು ಕಾಣಬಾರದೆಂದು ಇಟ್ಟ ಬರೀ ಎಲೆ ಎಂದು ಹೇಳಿ ಅದನ್ನೂ ಕಿತ್ತುಕೊಳ್ಳಲೇ?

"ಕಣ್ಣಾಗ ನೀರ ತಂದ್ರು," ಅಂದ ಎರ್ರೆಪ್ಪ. "ನಿನ್ನಂಥ ಮಾತಿನ ಮನಷ್ಯಾನ್ನ ನಾ ನೋಡಿಲ್ಲ, ನಿನ್ನ ವೀಳ್ಯ ತೀರೇತಿ, ಹೋಗಪಾ ಅಂದ್ರು."

ದುರುಗಮ್ಮ ಸೆರಗು ಬಾಯಿಗೆ ಹಿಡಿದು ಅತ್ತಳು. ಅತ್ತು ಮುಗಿಸಿ, ಮುಖ ಒರೆಸಿಕೊಂಡು, ಬಹಳ ವರ್ಷಗಳ ಮೇಲೆ ಬಾಯ್ತುಂಬ ನಕ್ಕಳು.

"ಹಂಗಾದ್ರ ಅವರನ್ನ ಒಂದಿನ ನಮ್ಮ ಮನಿಗೆ ಉಣ್ಣಾಕ ಕರೀರಿ. ನಾ ಕೈಯಾರ ಹೋಳಿಗಿ ಮಾಡಿ ಬಡಸ್ತೀನಿ. ಅವ್ವ ಸತ್ತಾಗ ನಿಮ್ಮನ್ನ ಅಂದವರನ್ನೆಲ್ಲ ಅವತ್ತ ಕರೀತೀನಿ. ಆ ಮಾತು ಅವರ ಬಾಯಿಂದ ಎಲ್ಲಾರೂ ಕೇಳ್ಲಿ."

"ಅವ್ರು ದೊಡ್ಡ ಮಂದಿ, ಪುರಸೊತ್ತು ಇರಂಗಿಲ್ಲ..." ಎಂದು ಎರ್ರೆಪ್ಪ ತೊದಲಿದ.

"ಕಣ್ಣೀರ ಹಾಕಿದವರು ಒಂದ ಊಟಕ್ಕ ಬರಂಗಿಲ್ಲೇನು? ನೀವು ಕರದ್ರ ಬರ್ತಾರ. ಕರೀತೀರಿಲ್ಲೋ?"

"ಕರೀತೀನಿ," ಅಂದ ಎರ್ರೆಪ್ಪ.

ಹತಾರದ ಚೀಲ ಇನ್ನೂ ಅವನ ಹೆಗಲ ಮೇಲೇ ಇತ್ತು. ಅದನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಅಂಗಳದ ನಡುವೆ ನಿಂತ. ದುರುಗಮ್ಮ ಆಗಲೇ ಗೋಡೆಯ ಹತ್ತಿರ ಹೋಗಿ, ಪಕ್ಕದ ಮನೆಯ ಹನುಮಮ್ಮನನ್ನು ಕೂಗಿ ಕರೆದು, ಬಳ್ಳಾರಿ ಸಾವಕಾರರು ತಮ್ಮ ಮನೆಗೆ ಊಟಕ್ಕೆ ಬರುವ ಸುದ್ದಿಯನ್ನು ಹೇಳುತ್ತಿದ್ದಳು.